ಬುರುಡೆ ಕಪ್ತಾನನಿಗೊಂದು ನೆಲೆ

ಮೇಲ್ದವಡೆಯ ಹಲ್ಲುಸೆಟ್ಟೊಂದನ್ನು ಹಿಡಿದುಕೊಂಡು ಅವಳು ಬೆಳಗಿನಿಂದ ಉಜ್ಜುತ್ತಲೇ ಇದ್ದಳು. ಉಜ್ಜುವುದೇನೂ ಉಳಿದಿರಲಿಲ್ಲ. ಇನ್ನೂ ಉಜ್ಜಿದರೆ ಯಾರೋ ಪಾಪದ ಮನುಷ್ಯನ ಬಾಯಿಯಲ್ಲಿ ಅದು ಕುಣಿಯುತ್ತದೆ, ಮಾತಾಡುವಾಗ ಎದುರಿನವನ ತಟ್ಟೆಗೆ ಬೀಳುತ್ತದೆ ಎಂದು ಗೊತ್ತಿದ್ದೂ ಕೈ ನಿಲ್ಲಲಿಲ್ಲ. ಮಧ್ಯಾಹ್ನ ಅಕ್ಕ ಬರುತ್ತಾಳೆ. ಆಸ್ಪತ್ರೆಯಲ್ಲಿ ಗಂಟಲಿಗೆ ಕೊಳವೆ ಇಳಿಸಿದ ಗಡಿಬಿಡಿಯಲ್ಲಿ ಅಕ್ಕನ ಮುಂದಿನ ಎರಡು ಹಲ್ಲು, ಮೊದಲೇ ಅಲ್ಲಾಡುತ್ತಿದ್ದವು, ಹೋಗಿಬಿಟ್ಟಿದ್ದವು. ಆ ಜಾಗಕ್ಕೆ ಹಲ್ಲು ಕಟ್ಟಿಕೊಡುವುದು ತಂಗಿಯ ಪಾಲಿಗೆ ಬಂದಿತ್ತು. ದಂತವೈದ್ಯರ ಚಿಕಿತ್ಸಾಲಯದ ಹಿಂದಿನ ಈ ಇಕ್ಕಟ್ಟು ಕೋಣೆಯಲ್ಲಿ ಕೂತು ಊರವರಿಗೆಲ್ಲ ಹಲ್ಲು ಮಾಡಿಕೊಡುವವಳು ಒಡಹುಟ್ಟಿದವಳಿಗೆ ಮಾಡಿಕೊಡಲಾರಳೇ? ಹಲ್ಲಿನ ಚಿಂತೆ ಅವಳಿಗೆ ಇರಲಿಲ್ಲ. ನಿನ್ನೆ ಫೋನಿನಲ್ಲಿ ಅಕ್ಕ ಕೇಳಿದ್ದಳಲ್ಲ, ಅದರ ಚಿಂತೆ. "ಸೈಟು ಇನ್ನೂ ರಿಪೇರಿಲಿದ್ಯಾ? ಏನೇ ಅದು, ಸೇತುವೆ ಕಟ್ತಿದಾರಾ? ನಾಳೆ ಅಳತೆಗೆ ಬರ್ತೀನಲ್ಲ, ನಿನ್ನ ಫೋನಲ್ಲೇ ತೋರಿಸು. ನನ್ನ ಮುದುಕ ಏನು ಮಾಡ್ತಿದಾನೋ ನೋಡ್ಬೇಕು." ಇವಳು ತೋರಿಸ್ತೀನಿ ಬಾ ಅಂದಿದ್ದಳು. ಇಬ್ಬರೂ ಕಥೆ ಬರೆಯುವ ಆ ಇಂಟರ್ನೆಟ್ ಸೈಟಿಗೆ ರಿಪೇರಿಯೂ ಇಲ್ಲ, ಗಿಪೇರಿಯೂ ಇಲ್ಲ. ಬಿಸಿ ತುಪ್ಪ ಬಾಯಿಗೆ ಬಿದ್ದವರ ಹಾಗೆ ಅವಳು ಇಷ್ಟು ತಿಂಗಳು ಆ ಸುಳ್ಳನ್ನು ಇಟ್ಟುಕೊಂಡಿದ್ದಳು, ಉಗುಳಲೂ ಇಲ್ಲ, ನುಂಗಲೂ ಇಲ್ಲ.

ಮುದುಕ ಎಂದರೆ ಬುರುಡೆ ಕಪ್ತಾನ. ಅಕ್ಕತಂಗಿಯರ ಬಾಲ್ಯದಲ್ಲಿ ಟಿವಿಯಲ್ಲಿ ಒಂದು ಬಂದರಿನ ಧಾರಾವಾಹಿ ಬರುತ್ತಿತ್ತು. ಒಂದು ವಾರ ಹಡಗು ಮಂಜಿನಲ್ಲಿ ಸಿಕ್ಕಿಕೊಂಡಿತು, ಮುಂದಿನ ವಾರ ಆ ಹೊತ್ತಿಗೆ ಯಾರೋ ಒಬ್ಬ ಯೋಗಾಸನ ಹೇಳಿಕೊಡುತ್ತಿದ್ದ. ಮುಗಿಯಿತು. ಯಾರೂ ಏನೂ ಹೇಳಲಿಲ್ಲ. ಹಾಗೆ ನಡುನೀರಿನಲ್ಲಿ ಬಿಟ್ಟುಹೋದ ಕಥೆಯನ್ನು ನೋಡಿದವರೇ ಮುಂದುವರಿಸತೊಡಗಿ, ದೊಡ್ಡವರಾದ ಮೇಲೆ ಒಂದು ಸೈಟಿನಲ್ಲಿ ಸೇರಿ, ಅದಕ್ಕೆ ಬಳಗ ಅಂತ ಹೆಸರಿಟ್ಟುಕೊಂಡು, ನೂರಾರು ಜನ ಒಂದೇ ಬಂದರನ್ನು ಬರೆಯುತ್ತಿದ್ದರು. ಯಾರು ಬೇಕಾದರೂ ತಮ್ಮದೊಂದು ಪಾತ್ರವನ್ನು ಬಂದರಿಗೆ ತರಬಹುದು. ಆದರೆ ಸಾಯಿಸುವಂತಿಲ್ಲ. ಅದು ಬಳಗದ ಮೊದಲ ಕಟ್ಟಳೆ. ಬರೆಯುವವರಿಗೆ ಸಾಕಾದರೆ, ಕೈಲಾಗದಿದ್ದರೆ, ಅಥವಾ ಅವರೇ ತೀರಿಕೊಂಡರೆ, ಪಾತ್ರಕ್ಕೆ ಬಂದರಿನ ಗೋಜಿಲ್ಲದ ಬೇರೊಂದು ಲೋಕದಲ್ಲಿ ನೆಲೆ ಹುಡುಕಿ ಕಳಿಸಬೇಕು. ಅಂಥ ಲೋಕಗಳನ್ನು ಕಟ್ಟಿಕೊಂಡು ಕೂತವರು ಬಳಗದಲ್ಲಿ ಬೇರೆಯೇ ಇದ್ದರು. ಒಬ್ಬಳದು ಬರೀ ಹಣ್ಣಿನ ತೋಟ. ಒಬ್ಬನದು ರೈಲು ಯಾವತ್ತೂ ತಡವಾಗದ ನಿಲ್ದಾಣ. ನಿವೃತ್ತ ಮೇಷ್ಟ್ರೊಬ್ಬರದು ಏರು ಇಲ್ಲದ ಊರು, ಅಲ್ಲಿ ಮೆಟ್ಟಿಲೇ ಇಲ್ಲ, ಮೊಣಕಾಲು ನೋಯುವ ಪಾತ್ರಗಳೆಲ್ಲ ಅಲ್ಲಿಗೇ. ಇಂಥವರ ನಡುವೆ ಮಾತುಕತೆ ನಡೆಸಿ ನೆಲೆ ಕುದುರಿಸುವವಳು ಇವಳು. ಸಂಬಂಧ ಕುದುರಿಸಿದ ಹಾಗೆಯೇ. ಗೊರಕೆ ಹೊಡೀತಾನಾ, ಜಗಳಗಂಟನಾ, ನಾಯಿ ಕಂಡರೆ ಆಗುತ್ತಾ ಎಂದು ಆ ಕಡೆಯವರು ಕೇಳುತ್ತಾರೆ, ಈ ಕಡೆಯವರು ಇದ್ದದ್ದಕ್ಕೆ ನಾಲ್ಕು ಸೇರಿಸಿ ಹೊಗಳುತ್ತಾರೆ. ಒಪ್ಪಿಗೆಯಾದ ಮೇಲೆ ಬೀಳ್ಕೊಡುಗೆಯ ಒಂದು ಅಧ್ಯಾಯ. ಅಲ್ಲಿಗೆ ಸರಿ. ನೆಲೆ ಸೇರಿದವರನ್ನು ಮತ್ತೆ ಯಾರೂ ಎಬ್ಬಿಸುವಂತಿಲ್ಲ, ಹುಟ್ಟಿಸಿದವರು ಕೂಡ. ಹಿಂದೊಮ್ಮೆ ಯಾರೋ ತಮ್ಮ ಮುದುಕಿಯನ್ನು ತೋಟದಿಂದ ಎಳೆದುತಂದು ಯುದ್ಧಕ್ಕೆ ಕಳಿಸಿದ್ದಕ್ಕೆ ಬಳಗ ಒಡೆದು ಎರಡು ಪಾಲಾಗುವುದರಲ್ಲಿತ್ತು. ಆ ಕಟ್ಟಳೆಯನ್ನು ಬರೆದವಳೇ ಇವಳು.

ಬುರುಡೆ ಕಪ್ತಾನ ಹುಟ್ಟಿದ್ದು ಒಂದು ಜ್ವರದ ಮಧ್ಯಾಹ್ನ. ಜ್ವರ ಇವಳಿಗೆ. ಪಕ್ಕದಲ್ಲಿ ಗೋಡೆಗೆ ಕಾಲು ಆನಿಸಿ ಮಲಗಿದ್ದ ಅಕ್ಕ ಇದ್ದಕ್ಕಿದ್ದ ಹಾಗೆ ದಪ್ಪ ದನಿ ತೆಗೆದು, "ಎಲವೋ ಪುಟ್ಟಿ, ನಾನು ಏಳು ಹಡಗು ಮುಳುಗಿಸಿದ ಕಪ್ತಾನ, ನಿನ್ನ ಜ್ವರ ನನಗ್ಯಾವ ಲೆಕ್ಕ" ಅಂದಿದ್ದಳು. ಇವಳು ನಕ್ಕು ನಕ್ಕು ವಾಂತಿ ಮಾಡಿಕೊಂಡಳು. ಅಮ್ಮ ಬಂದು ಇಬ್ಬರಿಗೂ ಬೈದಳು. ಆ ಕಪ್ತಾನನಿಗೆ ಹಡಗು ಇರಲಿಲ್ಲ, ಯಾವ ಕಾಲಕ್ಕೂ ಇರಲಿಲ್ಲ, ಬಂದರಿನ ಕಟ್ಟೆಯ ಮೇಲೆ ಕೂತು ಬುರುಡೆ ಬಿಡುವುದೇ ಅವನ ಕೆಲಸ. ಬಳಗಕ್ಕೆ ಬಂದ ಮೇಲೆ ಜನ ಅವನಿಗಾಗಿಯೇ ಓದುತ್ತಿದ್ದರು. ಅಕ್ಕ ಅಡುಗೆ ಮಾಡುತ್ತ ಒಂದು ಕೈಯಲ್ಲಿ ಬರೆದು ಹಾಕಿದ ನಾಲ್ಕು ಸಾಲಿಗೆ ಬರುತ್ತಿದ್ದ ಚಪ್ಪಾಳೆ ಇವಳು ವಾರಗಟ್ಟಲೆ ತಿದ್ದಿ ತೀಡಿದ ಅಧ್ಯಾಯಕ್ಕೆ ಬರುತ್ತಿರಲಿಲ್ಲ. ಇದನ್ನು ಇವಳು ಯಾರಿಗೂ ಹೇಳಿರಲಿಲ್ಲ, ಹೇಳುವಂಥದ್ದೂ ಅಲ್ಲ. ತಂಗಿ ಅಂದಮೇಲೆ ಇದೆಲ್ಲ ಇದ್ದದ್ದೇ. ಹಲ್ಲುಸೆಟ್ಟಿನ ಒಸಡಿನ ಮೇಲೆ ಬೆರಳಾಡಿಸಿದಳು. ನುಣ್ಣಗಿತ್ತು, ಎಲ್ಲೂ ಚುಚ್ಚುತ್ತಿರಲಿಲ್ಲ.

"ಇದೇನಮ್ಮಾ ಇದು?" ಡಾಕ್ಟರು ಬಾಗಿಲಲ್ಲಿ ನಿಂತು ಒಂದು ಹಲ್ಲನ್ನು ಬೆಳಕಿಗೆ ಹಿಡಿದಿದ್ದರು. ಅವರ ಹಿಂದೆ ಕುರ್ಚಿಯಲ್ಲಿ ಬಾಯಿ ತೆರೆದು ಕೂತಿದ್ದ ಲಾರಿ ಚಾಲಕ ಇತ್ತಲೇ ನೋಡುತ್ತಿದ್ದ. "ಆತನ ಹಲ್ಲು ನೋಡು, ಹೊಗೆಸೊಪ್ಪಿನ ಬಣ್ಣ. ನೀನು ಮದುಮಗಳ ಹಲ್ಲು ಮಾಡಿ ಕೊಟ್ಟಿದೀಯ. ನಕ್ಕರೆ ಬಲ್ಬು ಹತ್ತಿದ ಹಾಗಿರುತ್ತೆ." ಚಾಲಕ ತೆರೆದ ಬಾಯಲ್ಲೇ ನಕ್ಕ. ಅವಳಿಗೆ ಕಿವಿ ಬಿಸಿಯಾಯಿತು. ಇಷ್ಟು ವರ್ಷದಲ್ಲಿ ಬಣ್ಣ ತಪ್ಪಿದವಳಲ್ಲ. ಅವರು ಮುಂದುವರಿದು, ಸತ್ತ ಹಲ್ಲಿನ ಪಕ್ಕ ಇಡೋದು ತಾನೇ ಅಂತ ಏನೋ ಅಂದರು. ಸತ್ತ ಅನ್ನುವ ಪದ ಕಿವಿಗೆ ಬಿದ್ದದ್ದೇ ತಡ, ತನಗೇ ಅಂದರೇನೋ ಎಂದು ಅವಳು ಬೆಚ್ಚಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಸರಿ ಮಾಡ್ತೀನಿ ಸಾರ್ ಎಂದು ಹಲ್ಲು ಇಸಿದುಕೊಂಡಳು.

ಏಕೆಂದರೆ ಯಾರೂ ಸತ್ತಿರಲಿಲ್ಲ. ಅದೇ ಆದ ಎಡವಟ್ಟು. ಅಕ್ಕನ ಶ್ವಾಸಕೋಶಕ್ಕೆ ಸೋಂಕು ಇಳಿದು, ಆಸ್ಪತ್ರೆಯವರು ಭಾವನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಏನೋ ಹೇಳಿ, ಭಾವ ಬಂದು ಏನೂ ಇಲ್ಲ ಏನೂ ಇಲ್ಲ ಎಂದು ಎರಡೆರಡು ಸಲ ಅಂದಾಗಲೇ ಇವಳಿಗೆ ಖಾತ್ರಿಯಾಗಿತ್ತು. ಅಕ್ಕನನ್ನು ಒಳಗೆ ಕರೆದುಕೊಂಡು ಹೋದರು. ಆಮೇಲೆ, ಹೌದು ಆಮೇಲೆಯೇ, ಇವಳು ಸಾಲುಕುರ್ಚಿಯ ತುದಿಯಲ್ಲಿ ಕೂತು ಕಪ್ತಾನನಿಗೆ ನೆಲೆ ಹುಡುಕತೊಡಗಿದಳು. ಬೇರೆಯವರಾಗಿದ್ದರೆ ದೇವರನ್ನು ನೆನೆಯುತ್ತಿದ್ದರು. ಇವಳಿಗೆ ಬರುವ ಕೆಲಸ ಇದೊಂದೇ. ಅಕ್ಕ ಹೋದರೆ ಮುದುಕ ಕಟ್ಟೆಯ ಮೇಲೆ ಅರ್ಧ ಬುರುಡೆಯಲ್ಲೇ ನಿಂತುಬಿಡುತ್ತಾನೆ, ಮಂಜಿನಲ್ಲಿ ಸಿಕ್ಕಿಕೊಂಡ ಆ ಹಡಗಿನ ಹಾಗೆ. ಅದನ್ನು ತಡೆಯಲಾರೆ ಅನ್ನಿಸಿತ್ತು. ಮೇಷ್ಟ್ರು ಒಪ್ಪಿದರು. ಏರು ಇಲ್ಲದ ಊರಿನಲ್ಲಿ ನೀರಿನ ದಂಡೆಗೆ ಒಂದು ಮನೆ, ಹಿತ್ತಲಲ್ಲಿ ಒಂದು ದೋಣಿ, ಅವನ ಸ್ವಂತದ್ದು. ಬೀಳ್ಕೊಡುಗೆಯನ್ನು ಇವಳು ಕೂತಲ್ಲೇ ಬರೆದಳು. ತಿದ್ದಲಿಲ್ಲ, ತೀಡಲಿಲ್ಲ, ಅಷ್ಟು ಸಲೀಸಾಗಿ ಹಿಂದೆಂದೂ ಬರೆದಿರಲಿಲ್ಲ, ಕಣ್ಣೀರು ಸುರಿಯುತ್ತಿತ್ತು, ಅದರ ಜೊತೆಗೇ ಆಹಾ ಈ ಸಾಲು ಚೆನ್ನಾಗಿ ಬಂತು ಅನ್ನುವ ಒಂದು ಸಣ್ಣ ಖುಷಿಯೂ ಇತ್ತು. ಕಟ್ಟಳೆಯಂತೆ ಕಾರಣ ಹೇಳಬೇಕು. ಬರೆದವರು ಇನ್ನು ಬರೆಯುವ ಸ್ಥಿತಿಯಲ್ಲಿಲ್ಲ ಎಂದು ಹಾಕಿದಳು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಬೆಳಗಾಗುವಷ್ಟರಲ್ಲಿ ಸಂತಾಪಗಳು ರಾಶಿ ಬಿದ್ದಿದ್ದವು. ಎಂಥ ಮನಸ್ಸಿತ್ತು ಅವರದ್ದು, ನಗಿಸುತ್ತಲೇ ಹೋದರು, ಅವರ ಆತ್ಮಕ್ಕೆ ಶಾಂತಿ ಸಿಗಲಿ. ಇಲ್ಲ ಇಲ್ಲ, ಅಕ್ಕ ಇದ್ದಾಳೆ ಎಂದು ಒಂದು ಸಾಲು ಹಾಕಿದ್ದರೆ ಮುಗಿಯುತ್ತಿತ್ತು. ನಾಳೆ ಏನಾಗುತ್ತೋ ಎಂದು ಹಾಕಲಿಲ್ಲ. ಆಮೇಲೆ ಹೊಗಳಿಕೆ ಶುರುವಾಯಿತು. ಬಳಗದಲ್ಲೇ ಇಂಥ ಬೀಳ್ಕೊಡುಗೆ ಬಂದಿಲ್ಲವೆಂದರು, ಓದಿ ಊಟ ಬಿಟ್ಟೆವೆಂದರು. ಇವಳು ಎಲ್ಲರಿಗೂ ಧನ್ಯವಾದ ಬರೆದಳು. ಸಂತಾಪಕ್ಕೂ ಹೊಗಳಿಕೆಗೂ ಒಂದೇ ಧನ್ಯವಾದ.

ಅಕ್ಕ ಬದುಕಿದಳು. ಬದುಕಿದಳಲ್ಲಾ ಎಂದು ಅಮ್ಮ ಇವಳನ್ನು ತಬ್ಬಿಕೊಂಡು ಅತ್ತಾಗ ಇವಳೂ ಅತ್ತಳು, ನಿಜವಾಗಿಯೇ ಅತ್ತಳು, ಆದರೆ ಆ ಅಳುವಿನ ನಡುವೆ ಅಯ್ಯೋ ಬಳಗದವರಿಗೆ ಏನು ಹೇಳಲಿ ಅನ್ನುವ ಯೋಚನೆ ಬಂದುಬಿಟ್ಟಿತ್ತು. ಥೂ, ಎಂಥ ಹೆಂಗಸು ನಾನು! ಆ ಯೋಚನೆಯನ್ನು ನೆನೆದಾಗಲೆಲ್ಲ ಅವಳು ಏನಾದರೂ ಉಜ್ಜುತ್ತಾಳೆ, ತೊಳೆಯುತ್ತಾಳೆ. ವಾರವಾರವೂ ಅಕ್ಕನ ಮನೆಗೆ ಹೋಗಿ ಸೇಬು ಹೆಚ್ಚಿಕೊಟ್ಟಳು, ಕಾಲು ಒತ್ತಿದಳು. ಪ್ರತಿ ಸಲವೂ ಇವತ್ತು ಹೇಳಿಬಿಡುತ್ತೇನೆ ಎಂದೇ ಹೊರಡುತ್ತಿದ್ದಳು. ಏನಂತ ಹೇಳುವುದು? ನೀನು ಸಾಯುತ್ತೀಯ ಅಂದುಕೊಂಡೆ, ಅದಕ್ಕೆ ನಿನ್ನ ಮುದುಕನನ್ನು ಕಳಿಸಿಬಿಟ್ಟೆ, ಇನ್ನು ಅವನು ನಿನಗೆ ಸಿಗುವುದಿಲ್ಲ ಅಂತಲೇ? ಕಾಯಿಲೆಯಿಂದ ಎದ್ದವಳು ಮೂಳೆ ಚಕ್ಕಳವಾಗಿ ಕೂತು, ಮೆಟ್ಟಿಲು ಹತ್ತಲಾರದೆ, ಕೆಲಸಕ್ಕೂ ಹೋಗಲಾರದೆ, ಮುದುಕನನ್ನು ಬರೆಯೋದೊಂದು ಇದೆಯಲ್ಲ ಸದ್ಯ ಎಂದು ಹೇಳುತ್ತಿದ್ದಳು.

ಡಾಕ್ಟರು ಊಟಕ್ಕೆ ಹೊರಡುವಾಗ ಅಕ್ಕ ಬಂದಳು. ಭಾವ ಆಟೋದಿಂದ ಕೈಹಿಡಿದು ಇಳಿಸಿ ಒಳಗೆ ಕೂರಿಸಿ, ಔಷಧಿ ತರ್ತೀನಿ ಎಂದು ಹೋದರು. "ನಿಮ್ಮಕ್ಕ ತಾನೇ, ಅಳತೆ ನೀನೇ ತೆಗೆ" ಎಂದು ಡಾಕ್ಟರೂ ಹೋದರು. ದೊಡ್ಡ ಕುರ್ಚಿಯಲ್ಲಿ ಅಕ್ಕ ಸಣ್ಣಗೆ ಕಾಣುತ್ತಿದ್ದಳು. ಬಾಯಿಗೆ ಸೆರಗು ಅಡ್ಡ ಹಿಡಿದೇ ಮಾತಾಡುವುದು ಈಚಿನ ಅಭ್ಯಾಸ.

"ಎಲ್ಲೇ ಫೋನು?"

"ಮೊದಲು ಅಳತೆ ತೆಗೆಯೋಣ ಅಕ್ಕಾ."

"ತೆಗಿಯಮ್ಮ. ಕೊಡೋ ಹಲ್ಲು ನೆಟ್ಟಗೆ ಕೊಡು. ನಿನ್ನ ಭಾವ ನನ್ನ ನೋಡಿ ಅಜ್ಜಿ ಅಂತಿದಾರೆ, ತಾವೇನೋ ಹದಿನಾರರ ಹುಡುಗ ಅನ್ನೋ ಹಾಗೆ."

ರಬ್ಬರು ಬಟ್ಟಲಿಗೆ ಅಚ್ಚು ತೆಗೆಯುವ ಗುಲಾಬಿ ಬಣ್ಣದ ಪುಡಿ ಸುರಿದು ನೀರು ಹಾಕಿ ಅವಳು ಕಲಸತೊಡಗಿದಳು. ಪುದೀನದ ವಾಸನೆ ಎದ್ದಿತು. ದೋಸೆ ಹಿಟ್ಟಿಗಿಂತ ಗಟ್ಟಿಯಾಗಬೇಕು, ಗಂಟು ಇರಬಾರದು, ಬಾಯಿಗೆ ಇಟ್ಟ ಮೇಲೆ ಗಟ್ಟಿಯಾಗುವ ತನಕ ಮಿಸುಕಾಡಬಾರದು, ಮಾತಂತೂ ಸಾಧ್ಯವೇ ಇಲ್ಲ. ಆಗ ಹೊಳೆಯಿತು ಅವಳಿಗೆ. ಆ ಹೊತ್ತಿನಲ್ಲಿ ಹೇಳಿಬಿಡಬಹುದು. ಅಕ್ಕ ತಿರುಗಿ ಏನೂ ಹೇಳಲಾರಳು. ಹೊಳೆದ ಕೂಡಲೇ ನಾಚಿಕೆಯಾಯಿತು, ನಾಚಿಕೆಯ ಹಿಂದೆಯೇ ಅಬ್ಬಾ ಅನ್ನಿಸಿ ಹಗುರವೂ ಆಯಿತು. ಗಂಟಲಿಗೆ ಕೊಳವೆ ಇಳಿಸಿದಾಗಿನಿಂದ ಅಕ್ಕನಿಗೆ ಬಾಯಿಗೆ ಏನು ಬಂದರೂ ಹೆದರಿಕೆ, ಹಲ್ಲುಜ್ಜುವ ಬ್ರಶ್ಶಿಗೂ ಕಣ್ಣು ತುಂಬಿಕೊಳ್ಳುತ್ತಾಳೆ ಎಂದು ಭಾವ ಹೇಳಿದ್ದು ನೆನಪಿಗೆ ಬಂತು. ನೆನಪಿಗೆ ಬಂದೂ ಅವಳು ಹಿಟ್ಟನ್ನು ಅಚ್ಚಿನ ತಟ್ಟೆಗೆ ತುಂಬಿದಳು.

"ಅಗಲಕ್ಕೆ ತೆಗಿ. ಮೂಗಲ್ಲಿ ಉಸಿರಾಡು. ಏನೂ ಆಗಲ್ಲ, ನಾನಿದೀನಿ."

ತಟ್ಟೆ ಒಳಗೆ ಹೋಗಿ ಮೇಲ್ದವಡೆಗೆ ಒತ್ತಿಕೊಂಡಿತು. ಅಕ್ಕನ ಎರಡೂ ಕೈ ಕುರ್ಚಿಯ ತೋಳನ್ನು ಬಿಗಿಹಿಡಿದವು. ಅವಳು ತಟ್ಟೆಯನ್ನು ಬೆರಳಿನಿಂದ ಒತ್ತಿಕೊಂಡು, ಅಕ್ಕನ ನೆತ್ತಿಯ ಬೈತಲೆಯನ್ನೇ ನೋಡುತ್ತ, ಒಂದೇ ಉಸಿರಿಗೆ ಹೇಳಿದಳು. ಸೈಟು ಚೆನ್ನಾಗಿಯೇ ಇದೆ ಅಕ್ಕಾ, ನಾನು ಸುಳ್ಳು ಹೇಳಿದೆ. ನೀನು ಒಳಗಿದ್ದಾಗ ಕಪ್ತಾನನಿಗೆ ನೆಲೆ ಮಾಡಿಬಿಟ್ಟೆ. ಮೇಷ್ಟ್ರ ಊರಲ್ಲಿ. ನೀನು ಉಳಿಯಲ್ಲ ಅಂದ್ಕೊಂಡೆ. ಎಲ್ಲರೂ ನೀನು ಹೋದೆ ಅಂದ್ಕೊಂಡ್ರು, ನಾನು ಅಲ್ಲ ಅನ್ನಲಿಲ್ಲ. ಇನ್ನು ಅವನನ್ನ ಎಬ್ಬಿಸೋಕೆ ಬರಲ್ಲ, ಕಟ್ಟಳೆ ಇದೆ, ಆದರೂ ನಾನು ಎಲ್ಲರ ಕಾಲು ಹಿಡಿದಾದರೂ ಕೇಳ್ತೀನಿ. ಬೈತಲೆಯ ಹತ್ತಿರ ಕೂದಲು ಉದುರಿ ಚರ್ಮ ಕಾಣುತ್ತಿತ್ತು. ಕೆಳಗೆ ಏನೋ ಗೊರಗೊರ ಶಬ್ದವಾಯಿತು, ತಟ್ಟೆ ಅಲುಗಿತು. ಅಕ್ಕ ಅಳುತ್ತಿದ್ದಾಳೆ ಎಂದುಕೊಂಡು ಬಗ್ಗಿ ನೋಡಿದರೆ ಅಕ್ಕ ನಗುತ್ತಿದ್ದಳು. ಬಾಯಿತುಂಬ ಗುಲಾಬಿ ಹಿಟ್ಟು, ಗಲ್ಲದ ಮೇಲೆ ಜೊಲ್ಲು, ಕಣ್ಣಲ್ಲಿ ನೀರು, ನಗು. ಅವಳಿಗೆ ಭಯವಾಯಿತು. ತಟ್ಟೆಯನ್ನು ಕಿತ್ತಳು. ಅಚ್ಚು ಕೆಟ್ಟಿತ್ತು, ಹಲ್ಲಿನ ಗುರುತೆಲ್ಲ ಎರಡೆರಡಾಗಿ ಬಿದ್ದಿತ್ತು.

ಅಕ್ಕ ಬಾಯಿ ಮುಕ್ಕಳಿಸಿ ಉಗುಳಿ, ಸೆರಗಿನಲ್ಲಿ ಗಲ್ಲ ಒರೆಸಿಕೊಂಡಳು. "ಬಾಯಿ ಕಟ್ಟಿ ಹೇಳ್ತಿದೀಯಲ್ಲೇ, ಭಂಡಿ."

"ಅಕ್ಕಾ..."

"ನಂಗೆ ಗೊತ್ತು. ಆಸ್ಪತ್ರೇಲೇ ಗೊತ್ತು. ನಿನ್ನ ಭಾವ ಫೋನು ಕೈಗೆ ಕೊಟ್ಟ ದಿನ ಮೊದಲು ನೋಡಿದ್ದೇ ಅದನ್ನ." ಅಕ್ಕ ಈಗ ಸೆರಗು ಅಡ್ಡ ಹಿಡಿದಿರಲಿಲ್ಲ, ಮಾತಿನ ನಡುವೆ ಆ ಖಾಲಿ ಜಾಗ ಕಾಣುತ್ತಿತ್ತು. "ಡಾಕ್ಟರು ಸ್ವಲ್ಪ ಕಫ ಅಂದ್ರು. ನಿನ್ನ ಭಾವ ಏನೂ ಇಲ್ಲ ಅಂದ್ರು. ಅಮ್ಮ ದೃಷ್ಟಿ ತಾಗಿದ್ದು ಅಂದ್ಳು. ನಾನು ಸಾಯೋದ್ರಲ್ಲಿದ್ದೆ ಅಂತ ನಂಗೆ ಗೊತ್ತಾಗಿದ್ದು ನಿನ್ನ ಕಥೆ ಓದಿ. ಸಂತಾಪ ಎಲ್ಲಾ ಓದ್ದೆ. ಅಷ್ಟು ಒಳ್ಳೆಯವಳಾ ನಾನು?"

ಅವಳು ಡಾಕ್ಟರ ಗುಂಡು ಸ್ಟೂಲಿನ ಮೇಲೆ ಕುಸಿದಳು, ಅದು ಚಕ್ರದ ಮೇಲೆ ಸ್ವಲ್ಪ ಹಿಂದಕ್ಕೆ ಸರಿಯಿತು. "ಯಾಕೆ ಹೇಳ್ಲಿಲ್ಲ? ಇಷ್ಟು ದಿನ ಸೈಟು ರಿಪೇರಿನಾ ರಿಪೇರಿನಾ ಅಂತ ಕೇಳ್ತಿದ್ದೆ."

"ನೀನು ಹೇಳ್ತೀಯ ಅಂತ ಕಾಯ್ತಿದ್ದೆ. ನೀನು ಬಂದು ಸೇಬು ಹೆಚ್ಚಿ ಹೋಗ್ತಿದ್ದೆ." ಅಕ್ಕ ಎದೆಯ ಮೇಲಿನ ಕಾಗದದ ಹೊದಿಕೆಯನ್ನು ನೇರ ಮಾಡಿಕೊಂಡಳು. "ನೀನು ಅದನ್ನ ಕೆಟ್ಟದಾಗಿ ಬರೆದಿದ್ರೆ ನಂಗೆ ಏನೂ ಅನಿಸ್ತಿರಲಿಲ್ಲ. ಪಾಪ, ದುಃಖದಲ್ಲಿ ಏನೋ ಗೀಚಿದಾಳೆ ಅಂತಿದ್ದೆ. ಚೆನ್ನಾಗಿ ಬರೆದಿದೀಯ. ಹೊಟ್ಟೆ ಉರಿದುಹೋಯ್ತು. ಆದರೆ ಅವನಿಗೆ ದೋಣಿ ಯಾಕೆ ಕೊಟ್ಟೆ?"

"ಜೀವಮಾನವೆಲ್ಲಾ ಬಯಸಿದ್ದು..."

"ದಡ್ಡಿ. ದೋಣಿ ಇಲ್ಲದ್ದಕ್ಕೇ ಕಣೇ ಅವನು ಅವನಾಗಿದ್ದದ್ದು. ದೋಣಿ ಸಿಕ್ಕ ಮೇಲೆ ಬುರುಡೆ ಬಿಡೋಕೆ ಏನು ಉಳೀತು? ಹಿತ್ತಲಲ್ಲಿ ಬಾಯಿ ಮುಚ್ಚಿಕೊಂಡು ಕೂತಿದಾನೆ, ಪಾಪದ ಮುದುಕ. ಯಾರದೋ ಅಜ್ಜನ ಹಾಗೆ." ಅಕ್ಕನ ದನಿ ಏರಿ ಕೆಮ್ಮು ಬಂತು. ಅವಳು ನೀರು ಕೊಟ್ಟಳು. ಅಕ್ಕ ಕುಡಿದು ಲೋಟ ವಾಪಸು ಕೊಡದೆ ಹಿಡಿದುಕೊಂಡೇ ಇದ್ದಳು. ಹೊರಗೆ ಯಾರೋ ಬಾಗಿಲು ತಳ್ಳಿ, ಡಾಕ್ಟರಿಲ್ಲವೆಂದು ತಿಳಿದು ಹೋದರು.

"ಕೇಳ್ತೀನಿ ಅಕ್ಕಾ. ಮೇಷ್ಟ್ರನ್ನ ಕೇಳ್ತೀನಿ, ಎಲ್ಲರಿಗೂ ನಿಜ ಹೇಳ್ತೀನಿ. ವಾಪಸ್ ತರೋಣ."

"ಬೇಡ. ನಿಂದೇ ಕಟ್ಟಳೆ. ಅಲ್ದೆ ನಾನು ಬರೆದು ನೋಡ್ದೆ, ಮನೇಲೇ, ಯಾರಿಗೂ ತೋರಿಸದೆ. ಅವನು ಬರಲ್ಲ. ದಪ್ಪ ದನಿ ತೆಗೆದರೆ ಕೆಮ್ಮು ಬರುತ್ತೆ ಅಷ್ಟೆ. ನೀನು ಕಳಿಸಿದ್ದು ಪಕ್ಕಾ ಕಳಿಸಿದೀಯ." ಅಕ್ಕ ಲೋಟವನ್ನು ಕೈಯಲ್ಲೇ ತಿರುಗಿಸುತ್ತ ಅಂದಳು, "ಅದರಲ್ಲಿ ಒಂದು ಮಾತು ಸುಳ್ಳು. ಊರೊಳಗೆ ಹೋಗುವಾಗ ಕಪ್ತಾನ ತಿರುಗಿ ನೋಡ್ಲಿಲ್ಲ ಅಂತ ಬರೆದಿದೀಯ."

ಆ ಸಾಲನ್ನೇ ಬಳಗದವರು ಎಲ್ಲಕ್ಕಿಂತ ಹೆಚ್ಚು ಹೊಗಳಿದ್ದು. "ನೋಡಿದ್ರೆ ನನಗೆ ಕಳಿಸೋಕೆ ಆಗ್ತಿರಲಿಲ್ಲ."

"ನಾನು ನೋಡ್ದೆ ಕಣೇ."

ಅವಳು ತಲೆ ಎತ್ತಿದಳು.

"ತಳ್ಳಿಕೊಂಡು ಹೋಗ್ತಿದ್ರಲ್ಲ, ಬಾಗಿಲ ಹತ್ರ ಕತ್ತು ಹೊರಳಿಸಿ ನೋಡ್ದೆ. ನಿನ್ನ ಭಾವ ಅಳ್ತಿದ್ರು. ಅಮ್ಮ ಗೋಡೆ ಹಿಡ್ಕೊಂಡು ನಿಂತಿದ್ಳು. ನೀನು ಫೋನಲ್ಲಿ ಏನೋ ಒತ್ತುತಿದ್ದೆ. ಒಂದು ಸಲ ತಲೆ ಎತ್ತಲಿ ಅಂತ ನೋಡ್ದೆ. ಬಾಗಿಲು ಹಾಕಿದ್ರು."

ಆಮೇಲೆ, ಅಕ್ಕನನ್ನು ಕರೆದುಕೊಂಡು ಹೋದ ಮೇಲೆಯೇ ಎಂದು ಇಷ್ಟು ದಿನ ತನಗೆ ತಾನೇ ಹೇಳಿಕೊಂಡದ್ದು ಅವಳ ಬಾಯಿಯವರೆಗೆ ಬಂತು, ಆದರೆ ಹೊರಗೆ ಬರಲಿಲ್ಲ. ಆ ಉದ್ದನೆಯ ಓಣಿ, ಗಾಲಿಯ ಮಂಚದ ಕಿರಕಿರ ಸದ್ದು, ತನ್ನ ಹೆಬ್ಬೆರಳು ಎಲ್ಲ ಅವಳಿಗೆ ಕಾಣುತ್ತಿತ್ತು. ಮಂಚ ತನ್ನ ಮುಂದೆಯೇ ಹಾದುಹೋಗುತ್ತಿತ್ತು. ತಾನು ಮೇಷ್ಟ್ರಿಗೆ ಬರೆಯುತ್ತಿದ್ದಳು: ನಿಮ್ಮ ಊರಲ್ಲಿ ಒಬ್ಬರಿಗೆ ಜಾಗ ಇದೆಯಾ, ಒಳ್ಳೆಯ ಮನುಷ್ಯ, ಯಾರಿಗೂ ತೊಂದರೆ ಕೊಡುವವನಲ್ಲ. ಅಕ್ಕ ಇನ್ನೂ ಬಾಗಿಲು ದಾಟಿರಲಿಲ್ಲ. ಅವಳಿಗೆ ಅಳು ಬರಲಿಲ್ಲ. ಬಂದಿದ್ದರೆ ಎಷ್ಟೋ ಸುಲಭವಾಗುತ್ತಿತ್ತು.

"ತಪ್ಪಾಯ್ತು" ಅಂದಳು. ಆ ಮಾತು ಇಷ್ಟು ಚಿಕ್ಕದು ಎಂದು ಅವಳಿಗೆ ಗೊತ್ತಿರಲಿಲ್ಲ.

ಅಕ್ಕ ಲೋಟವನ್ನು ಪಕ್ಕದ ತಟ್ಟೆಯ ಮೇಲಿಟ್ಟಳು. ಕೆಟ್ಟುಹೋದ ಗುಲಾಬಿ ಅಚ್ಚಿನ ಕಡೆ ಕೈ ತೋರಿಸಿದಳು. "ಇದು ಬರಲ್ಲ ತಾನೇ? ಇನ್ನೊಂದು ಸಲ ತೆಗೀಬೇಕು ತಾನೇ?"

"ತೆಗೀಬೇಕು. ನಿಂಗೆ ಆಗಲ್ಲ ಅಂದ್ರೆ ಇನ್ನೊಂದು ದಿನ..."

"ಕಲಸು."

ಅವಳು ಎದ್ದು ಬಟ್ಟಲು ತೊಳೆದು ಪುಡಿ ಸುರಿದಳು, ನೀರು ಹಾಕಿದಳು. ಒಂದಿಷ್ಟು ನೀರು ಹೊರಗೆ ಚೆಲ್ಲಿತು. ಅಕ್ಕ ಹಿಂದಕ್ಕೆ ಒರಗಿ, ಕುರ್ಚಿಯ ತೋಳನ್ನು ಮೊದಲಿನ ಹಾಗೆಯೇ ಬಿಗಿಹಿಡಿದಳು. ತಟ್ಟೆ ಹತ್ತಿರ ಬಂದಾಗ ಅಕ್ಕನ ಮುಖ ಬಿಳುಚಿತ್ತು.

"ಈ ಸಲ ಮಾತಾಡ್ಬೇಡ," ಅಕ್ಕ ಅಂದಳು. " ನನ್ನ ಕಡೆ ನೋಡ್ತಾ ನಿಂತ್ಕೋ."

ಅಕ್ಕ ಬಾಯಿ ತೆರೆದಳು. ಅವಳು ತಟ್ಟೆಯನ್ನು ಒಳಗಿಟ್ಟು ಒತ್ತಿ ಹಿಡಿದು, ಗಟ್ಟಿಯಾಗುವ ತನಕ, ಅಕ್ಕನ ಕಣ್ಣನ್ನೇ ನೋಡುತ್ತ ನಿಂತಳು.